ಭಾನುವಾರ ರಜೆ ಹಾಕುವ ಜೇಡ

ಮೆಟ್ಟಿಲ ಮೂಲೆಯ ಜೇಡಕ್ಕೆ ಏಳು ಕಾಲು. ಎಂಟನೆಯದು ಹದಿನಾಲ್ಕನೇ ದಿನ ಕಳೆದುಹೋಗಿತ್ತು. ಅದರ ವಿಷಯ ಆಮೇಲೆ ಬರುತ್ತದೆ. ಅವತ್ತು ಬೆಳಿಗ್ಗೆ ಅದರ ಮೇಲೆ ದಂಡೆತ್ತಿ ಬಂದ ಏಣಿಗೆ ಬರೀ ಎರಡೇ ಕಾಲು. ಆದರೂ ಗೆಲ್ಲುವ ಲಕ್ಷಣವೆಲ್ಲ ಏಣಿಯ ಕಡೆಗೇ ಇತ್ತು. ಯಾಕೆಂದರೆ ಏಣಿಯ ತುದಿಯಲ್ಲಿ ಬಣ್ಣ ಬಳಿಯುವವನಿದ್ದ, ಅವನ ಕೈಯಲ್ಲಿ ಬ್ರಷ್ ಇತ್ತು, ಏಣಿಗೆ ನೇತುಹಾಕಿದ ಬಕೆಟ್ಟಿನ ತುಂಬ ಬಿಳಿ ಬಣ್ಣ ಇತ್ತು.

ಎರಡನೇ ಮಹಡಿಯ ಕನ್ನಡಕದಕ್ಕ ಹಾಲಿನ ಪ್ಯಾಕೆಟ್ಟು ಎತ್ತಿಕೊಳ್ಳಲು ಬಾಗಿಲು ತೆಗೆದವಳು ಹಾಲನ್ನು ಅಲ್ಲೇ ಬಿಟ್ಟಳು.

"ಇಳೀರಿ," ಎಂದಳು.

"ಈಗ ತಾನೇ ಹತ್ತಿದೀನಿ ಅಕ್ಕ," ಎಂದ ಬಣ್ಣದವನು.

"ಆ ಮೂಲೆಗೆ ಬ್ರಷ್ ತಾಗಿಸಬೇಡಿ. ಅದು ನನ್ನ ಅರ್ಜಿ."

ಬಣ್ಣದವನು ಮೂಲೆ ನೋಡಿದ. ಅವನಿಗೆ ಅಲ್ಲಿ ಬಲೆ ಕಂಡಿತು, ಧೂಳು ಕಂಡಿತು, ಧೂಳಿನ ನಡುವೆ ಒಂದು ಜೇಡ ಕಂಡಿತು. ಅರ್ಜಿ ಕಾಣಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಇಂಥವರ ಜೊತೆ ವಾದಕ್ಕಿಳಿದರೆ ಬಣ್ಣ ಒಣಗುತ್ತದೆಂದು ಅವನು ಬ್ರಷ್ ಅದ್ದಿದ.

ಅವನ ತಪ್ಪೇನೂ ಇಲ್ಲ. ಕನ್ನಡಕದಕ್ಕನ ಕತೆ ಅವನಿಗೆ ಗೊತ್ತಿರಲಿಲ್ಲ. ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು, ಗಾಜು ಕೂರಿಸುವುದು ಅವಳ ಕೆಲಸ. ಹಾಗಾಗಿ ಮನೆಯ ಹೊರಗೆ ಅವಳಿಗೆ ಅದೇ ಹೆಸರು. ಆದರೆ ಹನ್ನೆರಡು ವರ್ಷದ ಹಿಂದೆ ಅವಳು ಜೀವಶಾಸ್ತ್ರದಲ್ಲಿ ಡಿಗ್ರಿ ಮುಗಿಸಿದ್ದಳು. ಮುಂದೆ ಓದಬೇಕೆಂದಿದ್ದಳು. ಮದುವೆ ಆಯಿತು, ಮಾವ ಹಾಸಿಗೆ ಹಿಡಿದರು, ಮಗಳು ಹುಟ್ಟಿದಳು, ಲಾರಿ ಓಡಿಸುವ ಗಂಡ ವಾರಗಟ್ಟಲೆ ರಸ್ತೆಯ ಮೇಲಿದ್ದ. ಓದು ಎನ್ನುವುದು ಅಟ್ಟಕ್ಕೆ ಹಾಕಿದ ಪಾತ್ರೆಯ ಹಾಗೆ, ಇದೆ ಎಂದು ಎಲ್ಲರಿಗೂ ಗೊತ್ತು, ಇಳಿಸುವವರಿಲ್ಲ. ಹನ್ನೆರಡು ವರ್ಷದಿಂದ ದಿನಕ್ಕೆ ಮೂವತ್ತು ಜನರನ್ನು ಕೂರಿಸಿಕೊಂಡು "ಈಗ ಕಾಣ್ತಾ ಇದೆಯಾ? ಈಗ?" ಎಂದು ಕೇಳುತ್ತಿದ್ದವಳಿಗೆ, ಈ ವರ್ಷ, ತಾನೂ ಏನಾದರೂ ನೋಡಬೇಕು ಅನ್ನಿಸಿತು. ಎಂ.ಎಸ್ಸಿ.ಗೆ ಅರ್ಜಿ ತರಿಸಿದಳು.

ಅರ್ಜಿಯ ಕೊನೆಯ ಪುಟದಲ್ಲಿ ಒಂದು ನಿಯಮ ಇತ್ತು. ಓದು ಬಿಟ್ಟು ಹತ್ತು ವರ್ಷ ದಾಟಿದವರಿಗೆ ಪ್ರವೇಶ ಪರೀಕ್ಷೆ ಇಲ್ಲ. ಅದರ ಬದಲು ಅವರು ಒಂದು ಜೀವಿಯನ್ನು ಆರಿಸಿಕೊಂಡು ಮೂವತ್ತು ದಿನ ಗಮನಿಸಿ ನೋಟುಬುಕ್ಕಿನಲ್ಲಿ ಬರೆಯಬೇಕು. ಜೀವಿಯನ್ನು ಮುಟ್ಟಕೂಡದು. ದಿನದಿನದ ಬರಹಕ್ಕೂ ಸಾಕ್ಷಿಯೊಬ್ಬರ ಸಹಿ ಬೇಕು. ಮೂವತ್ತನೇ ದಿನ ಸಂಜೆ ಐದರೊಳಗೆ ನೋಟುಬುಕ್ಕನ್ನೂ, ಸಾಧ್ಯವಾದರೆ ಜೀವಿಯನ್ನೂ ವಿಭಾಗಕ್ಕೆ ತಂದು ತೋರಿಸಬೇಕು.

ಕನ್ನಡಕದಕ್ಕ ಬಹಳ ಯೋಚಿಸಿ ಜೇಡವನ್ನು ಆರಿಸಿದ್ದಳು. ಗಿಡ ಇಟ್ಟರೆ ಅತ್ತೆ ನೀರು ಹಾಕಿ ಕೊಳೆಸುತ್ತಾರೆ. ಮೀನು ತಂದರೆ ಕೆಳಗಿನ ಮನೆಯ ಟೈಲರಮ್ಮ ಬ್ರೆಡ್ಡು ಹಾಕಿ ಹೊಟ್ಟೆ ಒಡೆಸುತ್ತಾಳೆ. ಹಕ್ಕಿಯಾದರೆ ಮೇಲಿನ ಮನೆಯ ಪೋಸ್ಟ್ ಮಾಸ್ಟರು ಅದಕ್ಕೆ ಮಾತು ಕಲಿಸಲು ಕೂರುತ್ತಾರೆ. ಈ ಕಟ್ಟಡದಲ್ಲಿ ಯಾರೂ ಕೈ ಹಾಕದ ಜೀವಿ ಎಂದರೆ ಮೆಟ್ಟಿಲ ಮೂಲೆಯ ಜೇಡ ಒಂದೇ, ಎಂದು ಅವಳ ಲೆಕ್ಕ.

ಅವತ್ತು ಆ ಮೂವತ್ತನೇ ದಿನ.

"ಅತ್ತೆ," ಎಂದು ಅವಳು ಒಳಗೆ ಕೂಗಿದಳು. ಅತ್ತೆ ಬಂದರು. ಅತ್ತೆ ಬಂದದ್ದು ಕೇಳಿ ಟೈಲರಮ್ಮ ಹತ್ತಿ ಬಂದಳು. ಇಬ್ಬರ ದನಿ ಕೇಳಿ ಪೋಸ್ಟ್ ಮಾಸ್ಟರು ಊರುಗೋಲು ಕುಟ್ಟುತ್ತ ಇಳಿದು ಬಂದರು. ಅವರು ಕೆಲಸದಿಂದ ನಿವೃತ್ತರಾಗಿ ಎಂಟು ವರ್ಷವಾಗಿತ್ತು. ನೋಟುಬುಕ್ಕಿನ ಸಾಕ್ಷಿ ಅವರೇ. ದಿನಾ ಸಂಜೆ ಸಹಿ ಹಾಕಿ ಅದರ ಕೆಳಗೆ ಎರಡು ಗೆರೆ ಎಳೆಯುತ್ತಿದ್ದರು.

"ಏನಪ್ಪ, ಈ ಕಟ್ಟಡದ ವಾಸಿಗಳ ಒಪ್ಪಿಗೆ ತಗೊಂಡಿದೀಯಾ?" ಎಂದರು ಬಣ್ಣದವನಿಗೆ.

"ಮಾಲೀಕರು ಹೇಳಿದಾರೆ ಸಾರ್."

"ಮಾಲೀಕರು ವಾಸಿಗಳ ಒಪ್ಪಿಗೆ ತಗೊಂಡಿದಾರಾ?"

"ನೀವು ವಾಸಿಗಳು ಸಾರ್. ಅದು ಜೇಡ."

"ಅದೂ ವಾಸಿನೇ ಕಣಯ್ಯ. ನಿಮ್ಮ ಮಾಲೀಕರಿಗಿಂತ ಹೆಚ್ಚು ದಿನ ಇಲ್ಲಿ ಇದೆ."

ವಾದ ಹತ್ತು ನಿಮಿಷ ನಡೆಯಿತು. ಕೊನೆಗೆ ಬಣ್ಣದವನು ಇಷ್ಟಕ್ಕೆ ಒಪ್ಪಿದ: ತಾನು ಒಂದು ಬೀಡಿ ಸೇದಿ ಬರುವುದರೊಳಗೆ ವಾಸಿ ಜಾಗ ಖಾಲಿ ಮಾಡಬೇಕು.

ಈಗ ಜೇಡವನ್ನು ಇಳಿಸುವುದು ಹೇಗೆ ಎಂಬ ಪ್ರಶ್ನೆ ಬಂತು. ಮೂರು ಜನ ಇದ್ದಲ್ಲಿ ನಾಲ್ಕು ಉಪಾಯ. ಅತ್ತೆ ಜರಡಿ ಎಂದರು. ಪೋಸ್ಟ್ ಮಾಸ್ಟರು ಲಕೋಟೆ ಎಂದರು. ಆಮೇಲೆ ದೊಡ್ಡ ಲಕೋಟೆ ಎಂದರು. ಗೆದ್ದದ್ದು ಟೈಲರಮ್ಮ. ಅವಳು ಕಸೂತಿ ಹಾಕುವಾಗ ಬಟ್ಟೆ ಬಿಗಿಯುವ ಮರದ ಬಳೆಯೊಂದನ್ನು ತಂದು, ಏಣಿ ಹತ್ತಿ, ಬಲೆಯ ಹಿಂದಿನಿಂದ ಮೆಲ್ಲಗೆ ಮುಂದಕ್ಕೆ ತಂದಳು. ಬಲೆ ಇದ್ದ ಹಾಗೇ ಬಳೆಗೆ ಅಂಟಿಕೊಂಡಿತು. ನಡುವೆ ಜೇಡ, ಕಸೂತಿಯ ಹೂವಿನಂತೆ.

ಜೇಡ ಒಂದಿಷ್ಟೂ ಅಲುಗಲಿಲ್ಲ.

"ನೋಡಿ ಶಿಸ್ತು," ಎಂದರು ಪೋಸ್ಟ್ ಮಾಸ್ಟರು. "ಕುರ್ಚಿ ಸಮೇತ ಎತ್ತಿದರೂ ಏಳಲ್ಲ. ನಮ್ಮ ಆಫೀಸಲ್ಲಿ ಇಂಥವರು ಇಬ್ಬರಿದ್ದರು."

ಅತ್ತೆ ಒಳಗಿಂದ ಕೇಕಿನ ರಟ್ಟಿನ ಡಬ್ಬ ತಂದರು. ಹೋದ ತಿಂಗಳು ಮೊಮ್ಮಗಳ ಹುಟ್ಟಿದ ದಿನಕ್ಕೆ ತಂದದ್ದು. ಗಟ್ಟಿ ಡಬ್ಬ, ಎಸೆಯಲು ಮನಸ್ಸು ಬಂದಿರಲಿಲ್ಲ. ಬಳೆಯನ್ನು ಅದರಲ್ಲಿ ನಿಲ್ಲಿಸಿ, ಮುಚ್ಚಿ, ಹುರಿ ಕಟ್ಟಿ ಸೊಸೆಯ ಕೈಗೆ ಕೊಟ್ಟರು.

"ಹುಷಾರಾಗಿ ಹೋಗು ಮಗಳೇ. ಡಬ್ಬ ವಾಲಿಸಬೇಡ. ಅದಕ್ಕೆ ತಲೆ ಸುತ್ತುತ್ತೆ."

ಅಂಗಡಿಯಲ್ಲಿ ಅವಳಿಗೆ ಮಧ್ಯಾಹ್ನದಿಂದ ಅರ್ಧ ದಿನ ರಜೆ ಬೇಕಿತ್ತು. ಯಜಮಾನರು ರಜೆ ಕೊಡದ ಮನುಷ್ಯರೇನಲ್ಲ. ಕೊಡುವ ಮುಂಚೆ ತಮ್ಮ ಬೆನ್ನುನೋವು, ವ್ಯಾಪಾರದ ನೋವು, ಮಕ್ಕಳ ನೋವು ಮೂರನ್ನೂ ಹೇಳುತ್ತಾರೆ, ಅಷ್ಟೆ. ಅವರು ಬೆನ್ನು ಮುಗಿಸಿ ವ್ಯಾಪಾರಕ್ಕೆ ಬರುವಷ್ಟರಲ್ಲಿ ಗಿರಾಕಿ ಬಂದರು. ಗಿರಾಕಿಯನ್ನು ಅಕ್ಷರದ ಹಲಗೆಯೆದುರು ಕೂರಿಸಿ, ಖಾಲಿ ಚೌಕಟ್ಟಿಗೆ ಗಾಜು ಬದಲಿಸುತ್ತ "ಈಗ ಕಾಣ್ತಾ ಇದೆಯಾ?" ಎಂದು ಕನ್ನಡಕದಕ್ಕ ಕೇಳುತ್ತಿದ್ದಳು.

"ಮೇಲಿನ ಸಾಲು ಕಾಣ್ತಿದೆ," ಎಂದರು ಗಿರಾಕಿ.

"ಈಗ?"

"ಕೆಳಗಿನ ಸಾಲೂ ಕಾಣ್ತಿದೆ. ಅದರ ಪಕ್ಕ ನಿಮ್ಮ ಯಜಮಾನರು ಸ್ಟೂಲ್ ಮೇಲೆ ಹತ್ತಿ ನಿಂತಿರೋದೂ ಕಾಣ್ತಿದೆ."

ಯಜಮಾನರಿಗೆ ಸಿಹಿ ಎಂದರೆ ಪ್ರಾಣ. ರಜೆ ಕೇಳುವವರು ಕೇಕಿನ ಡಬ್ಬ ತಂದರೆ ಅದು ಯಾರಿಗೆಂದು ತಿಳಿಯದಷ್ಟು ದಡ್ಡರೂ ಅಲ್ಲ. ಹುರಿ ಬಿಚ್ಚಿ, ಮುಚ್ಚಳ ತೆಗೆದು, ಮೂಗು ಹತ್ತಿರ ಒಯ್ದಿದ್ದರು. ಆಮೇಲೆ ನಡೆದದ್ದು ಅವರಿಗೇ ನೆನಪಿಲ್ಲ. ಆ ಸ್ಟೂಲ್ ತಿರುಗುವ ಸ್ಟೂಲ್. ಅವರು ಮೆಲ್ಲಗೆ ಗೋಡೆಯ ಕಡೆ ತಿರುಗುತ್ತ, ಮತ್ತೆ ಈ ಕಡೆ ತಿರುಗುತ್ತ, ಸಮುದ್ರದಂಡೆಯ ದೀಪಸ್ತಂಭದ ಹಾಗೆ ನಿಂತಿದ್ದರು.

"ಸಾರ್, ಅದು ಏನೂ ಮಾಡಲ್ಲ," ಎಂದಳು ಕನ್ನಡಕದಕ್ಕ.

"ಅರ್ಧ ದಿನ ಕೇಳಿದೆಯಲ್ಲಮ್ಮ," ಎಂದರು ಯಜಮಾನರು ಬೆನ್ನು ಈ ಕಡೆಗಿದ್ದಾಗ. "ಪೂರ್ತಿ ತಗೊ," ಎಂದರು ಮುಖ ಈ ಕಡೆಗೆ ಬಂದಾಗ.

ಬಸ್ ನಿಲ್ದಾಣಕ್ಕೆ ಹೋದರೆ ಅಲ್ಲಿ ಅತ್ತೆ ಕೊಡೆ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಇಸ್ತ್ರಿ ಮಾಡಿದ ಕೋಟು ತೊಟ್ಟ ಪೋಸ್ಟ್ ಮಾಸ್ಟರು. ಅವರ ಪಕ್ಕದಲ್ಲಿ, ಕೊರಳಿಗೆ ಅಳತೆಯ ಟೇಪು ಹಾಗೇ ಬಿಟ್ಟುಕೊಂಡು, ಟೈಲರಮ್ಮ.

"ನೀವೆಲ್ಲ ಯಾಕೆ ಬಂದ್ರಿ?"

"ಸಾಕ್ಷಿ ಬೇಡ್ವಾ?" ಎಂದರು ಪೋಸ್ಟ್ ಮಾಸ್ಟರು.

"ಸಾಕ್ಷಿ ನೀವೊಬ್ಬರೇ ತಾನೆ?"

"ಸಾಕ್ಷಿಗೆ ಸಾಕ್ಷಿ ನಾವು," ಎಂದಳು ಟೈಲರಮ್ಮ.

ಬಸ್ಸಿನಲ್ಲಿ ಜನ ಕಿಕ್ಕಿರಿದಿತ್ತು. ಕೇಕಿನ ಡಬ್ಬ ನೋಡಿ ಒಬ್ಬ ಹೆಂಗಸು ಕೂರಲು ಜಾಗ ಕೊಟ್ಟಳು. ಯಾರ ಹುಟ್ಟಿದ ದಿನ ಎಂದು ಕೇಳಿದಳು. ಸುಳ್ಳು ಹೇಳಲು ಬಾರದ ಕನ್ನಡಕದಕ್ಕ ಬಾಯಿ ತೆರೆಯುವ ಮೊದಲೇ ಅತ್ತೆ, "ಇವಳದೇ. ಇವತ್ತಿಗೆ ಮತ್ತೆ ಹುಟ್ತಾ ಇದಾಳೆ," ಎಂದುಬಿಟ್ಟರು. ಅದನ್ನು ಕೇಳಿ ಬಸ್ಸಿನ ಹಿಂಬದಿಯ ಯಾರೋ ಚಪ್ಪಾಳೆ ತಟ್ಟಿದರು. ಕನ್ನಡಕದಕ್ಕ ಕಿಟಕಿಯ ಕಡೆ ತಿರುಗಿ ಕೂತಳು. ಅತ್ತೆ ಹೇಳಿದ್ದು ಸುಳ್ಳು ಅಂತ ಅವಳಿಗೂ ಅನ್ನಿಸಲಿಲ್ಲ.

ವಿಭಾಗದ ಕಚೇರಿಯಲ್ಲಿ ಗುಮಾಸ್ತ ಅರ್ಜಿ ತೆಗೆದುಕೊಂಡ. ಅರ್ಜಿಯ ಮೇಲಿನ ಫೋಟೊ ನೋಡಿದ, ಅವಳನ್ನು ನೋಡಿದ, ಮತ್ತೆ ಫೋಟೊ ನೋಡಿದ.

"ಇದು ಯಾರು?"

"ನಾನೇ. ಡಿಗ್ರಿ ಮುಗಿದಾಗ ತೆಗೆಸಿದ್ದು. ಇನ್ನೂ ನಾಲ್ಕು ಉಳಿದಿದ್ದವು."

"ಸೋದರಸೊಸೆ ಇರಬೇಕು ಅಂದ್ಕೊಂಡೆ."

"ಕಣ್ಣು ನೋಡಿ, ಕಣ್ಣು ಅದೇ," ಎಂದರು ಅತ್ತೆ. ಗುಮಾಸ್ತ ತನ್ನ ಕನ್ನಡಕವನ್ನು ಕಿವಿಯ ಹತ್ತಿರ ಒಂದು ಕೈಯಲ್ಲಿ ಹಿಡಿದುಕೊಂಡು ನೋಡಿದ, ಯಾಕೆಂದರೆ ಅದರ ಒಂದು ಕಡ್ಡಿ ಸಡಿಲವಾಗಿತ್ತು. ಒಪ್ಪಿದ. ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು.

ವಿಭಾಗದ ಮುಖ್ಯಸ್ಥರು ಅರವತ್ತರ ಹತ್ತಿರದ ಹೆಂಗಸು. ಕೋಣೆಯ ಗೋಡೆಗಳ ತುಂಬ ಗಾಜಿನ ಸೀಸೆಗಳು, ಅವುಗಳೊಳಗೆ ಹಾವು, ಚೇಳು, ಇನ್ನೂ ಏನೇನೋ. ಮೂವರು ಸಾಕ್ಷಿಗಳು ಗೋಡೆಗೆ ತಾಗಿದ ಬೆಂಚಿನ ಮೇಲೆ, ಯಾವ ಸೀಸೆಗೂ ಬೆನ್ನು ತಾಗದಂತೆ, ನೇರವಾಗಿ ಕೂತರು. ಕನ್ನಡಕದಕ್ಕ ನೋಟುಬುಕ್ಕನ್ನೂ ಡಬ್ಬವನ್ನೂ ಮೇಜಿನ ಮೇಲಿಟ್ಟಳು.

ಮೇಡಂ ನೋಟುಬುಕ್ಕು ತೆರೆದು ತಲೆ ಬಗ್ಗಿಸಿದರು. ಕನ್ನಡಕ ಜಾರಿ ಮೂಗಿನ ತುದಿಗೆ ಬಂತು. ಮೇಲಕ್ಕೆ ತಳ್ಳಿದರು. ಮತ್ತೆ ಬಂತು. ಮೂರನೇ ಸಲ ನೋಟುಬುಕ್ಕಿನ ಮೇಲೇ ಬಿತ್ತು.

"ನೀವೇ ಓದಿ ಹೇಳಿಬಿಡಿ," ಎಂದರು. "ಇದು ನನ್ನ ಮಾತು ಕೇಳೋದು ಬಿಟ್ಟು ಎರಡು ವರ್ಷ ಆಯ್ತು."

ಕನ್ನಡಕದಕ್ಕ ಓದಿದಳು.

"ಒಂದನೇ ದಿನ. ಬಲೆ ನೇಯುವುದನ್ನು ಒಂದು ಗಂಟೆ ನೋಡಿದೆ. ಎರಡನೇ ದಿನ. ಬಲೆಯ ಮೇಲ್ಭಾಗಕ್ಕೆ ಹೋಗಿ ಕೂತಿದೆ. ಮೂರನೇ ದಿನ. ಬಣ್ಣ ಸ್ವಲ್ಪ ಪೇಲವ. ಸುಸ್ತಾಗಿರಬಹುದು. ನಾಲ್ಕನೇ ದಿನ, ಬದಲಾವಣೆ ಇಲ್ಲ. ಐದನೇ ದಿನ, ಬದಲಾವಣೆ ಇಲ್ಲ. ಆರನೇ ದಿನ, ಬದಲಾವಣೆ ಇಲ್ಲ. ಏಳನೇ ದಿನ. ನಾನು ಅಂಗಡಿಗೆ ಹೋಗಿ ಬರುವುದರೊಳಗೆ ಜೇಡ ಎಡಕ್ಕೆ ಒಂದು ಬೆರಳು ಸರಿದಿದೆ."

ಏಳನೇ ದಿನಕ್ಕೆ ಮೂರು ಪುಟ ಇತ್ತು. ಅಲ್ಲಿಂದ ಮುಂದಕ್ಕೆ ನೋಟುಬುಕ್ಕಿಗೆ ರೆಕ್ಕೆ ಬಂದಂತಿತ್ತು. ಎಡಕ್ಕೆ ಎರಡು ಬೆರಳು, ಬಲಕ್ಕೆ ಮೂರು ಬೆರಳು. ಪ್ರತಿಯೊಂದಕ್ಕೂ ಚಿತ್ರ, ಬಾಣದ ಗುರುತು. ಹನ್ನೊಂದನೇ ದಿನ ಬಲೆಗೆ ನೊಣ ಸಿಕ್ಕಿದೆ, ಜೇಡ ತಿಂದಿಲ್ಲ, ಹಸಿವಿಲ್ಲದಿರಬಹುದು. ಹದಿನಾಲ್ಕನೇ ದಿನ ಒಂದು ಕಾಲು ಕಾಣುತ್ತಿಲ್ಲ, ಅಪಘಾತವಿರಬಹುದು. ಆದರೂ ನಡೆದಾಟ ನಿಂತಿಲ್ಲ.

"ಕೊನೆಗೆ ನನ್ನ ತೀರ್ಮಾನ," ಎಂದು ಕನ್ನಡಕದಕ್ಕ ಕೊನೆಯ ಪುಟ ತಿರುವಿದಳು. "ಮೊದಲ ವಾರ ಬಿಟ್ಟರೆ ಈ ಜೇಡ ವಾರದಲ್ಲಿ ಆರು ದಿನ ಜಾಗ ಬದಲಿಸುತ್ತದೆ. ಏಳನೇ ದಿನ ಅಲುಗುವುದಿಲ್ಲ. ನಾಲ್ಕು ಭಾನುವಾರ ನೋಡಿದ್ದೇನೆ. ನಾಲ್ಕಕ್ಕೆ ನಾಲ್ಕೂ."

ಬೆಂಚಿನ ಮೇಲೆ ಅತ್ತೆ ಸೆರಗು ಸರಿಮಾಡಿಕೊಂಡರು.

ಮೇಡಂ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದರು. "ಜೇಡದ ವಿಷಯ ನಾನು ಮೂವತ್ತು ವರ್ಷದಿಂದ ಪಾಠ ಮಾಡ್ತಿದೀನಿ. ಇದನ್ನ ಎಲ್ಲೂ ಓದಿಲ್ಲ. ಯಾಕೆ ಹೀಗೆ ಅಂತ ಹುಡುಕಬೇಕು, ಅದು ಬೇರೆ ಮಾತು. ಆದರೆ ಬದಲಾವಣೆ ಇಲ್ಲ ಅಂತ ಬರೆಯೋಕೂ ಒಂದು ಪ್ರಾಮಾಣಿಕತೆ ಬೇಕಮ್ಮ. ದಿನಾ ಹೋಗಿ ನಿಂತಿದೀರಿ. ಚಿತ್ರ ಬರೆದಿದೀರಿ. ಇಲ್ಲಿಗೆ ಬರೋ ಎಳೆಯರಿಗೆ ಮೂರು ದಿನಕ್ಕೇ ಬೇಜಾರಾಗುತ್ತೆ. ನನಗೆ ಬೇಕಾದ್ದು ಈ ತಾಳ್ಮೆ."

ಅವರು ಪೆನ್ನಿನ ಮುಚ್ಚಳ ತೆಗೆದರು. ಅರ್ಜಿಯ ಕೆಳಗೆ, 'ಪ್ರವೇಶಕ್ಕೆ ಯೋಗ್ಯರು' ಎಂದು ಅಚ್ಚಾದ ಸಾಲಿನ ಮುಂದೆ, ಪೆನ್ನು ಇಟ್ಟರು. ಮೇಡಂ ಕನ್ನಡಕ ಏರಿಸಿ ಸಹಿಗೆಂದು ಬಗ್ಗಿದರು. ಕನ್ನಡಕ ನಾಲ್ಕನೇ ಸಲ ಜಾರಿ ಅರ್ಜಿಯ ಮೇಲೆ ಬಿತ್ತು.

ಈ ಘಳಿಗೆಯಲ್ಲಿ ಬುದ್ಧಿ ಇದ್ದವರಾದರೆ ಕೈ ಕಟ್ಟಿ ಕೂರುತ್ತಿದ್ದರು. ಕನ್ನಡಕದಕ್ಕನಿಗೆ ಬುದ್ಧಿ ಇತ್ತು. ಆದರೆ ಕೈ ಅವಳದಲ್ಲ, ಅಂಗಡಿಯದು. ಸಡಿಲ ಕನ್ನಡಕ ಕಂಡರೆ ಆ ಕೈ ಸುಮ್ಮನಿರುವುದಿಲ್ಲ; ಮದುವೆ ಮನೆಗಳಲ್ಲೂ ಅಪರಿಚಿತರ ಮೂಗಿನಿಂದ ಕನ್ನಡಕ ತೆಗೆದು ಬಿಗಿಮಾಡಿ ಕೊಟ್ಟ ಕೈ ಅದು.

"ಕೊಡಿ ಮೇಡಂ, ಒಂದೇ ನಿಮಿಷ," ಎಂದಳು.

ಚೀಲದಿಂದ ಬೆಂಕಿಕಡ್ಡಿಯಷ್ಟು ದೊಡ್ಡ ಸ್ಕ್ರೂಡ್ರೈವರ್ ಬಂತು. ಎರಡು ಕಡ್ಡಿಯ ಸ್ಕ್ರೂ ಬಿಗಿಯಾದವು. ಮೂಗಿನ ಮೇಲೆ ಕೂರುವ ಪುಟ್ಟ ಮೆತ್ತೆ ಎರಡೂ ಸವೆದಿದ್ದವು; ಹೊಸವು ಬಂದವು. ಕಿವಿಯ ಹಿಂದಿನ ಬಾಗು ಸರಿಯಾಯಿತು. ಗಾಜಿಗೆ ಮೂರು ಹನಿ ದ್ರವ ಬಿತ್ತು, ಮೆತ್ತನೆ ಬಟ್ಟೆ ಓಡಾಡಿತು. ಕನ್ನಡಕದಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ, ಎರಡು ಕೈಯಿಂದ ಮೇಡಂ ಮುಖಕ್ಕೆ ತೊಡಿಸಿ, ರೂಢಿಯಂತೆ ಕೇಳಿದಳು:

"ಈಗ ಕಾಣ್ತಾ ಇದೆಯಾ?"

ಮೇಡಂ ತಲೆ ಬಗ್ಗಿಸಿದರು. ಕನ್ನಡಕ ಬೀಳಲಿಲ್ಲ. ತಲೆ ಅಲ್ಲಾಡಿಸಿದರು. ಅಲುಗಲಿಲ್ಲ. ಮುಖ ಅರಳಿತು. ಕಿಟಕಿ ನೋಡಿದರು, ಕಪಾಟು ನೋಡಿದರು, ಕಪಾಟಿನ ಮೇಲಿನ ಧೂಳು ನೋಡಿ ಹುಬ್ಬು ಗಂಟಿಕ್ಕಿದರು. "ಅಬ್ಬ, ಎಷ್ಟು ನಿಚ್ಚಳ," ಎಂದರು. ಆಮೇಲೆ ಡಬ್ಬದ ಮುಚ್ಚಳ ತೆರೆದು ಒಳಗೆ ನೋಡಿದರು.

ನೋಡುತ್ತಲೇ ಇದ್ದರು.

ಮೇಜಿನ ಖಾನೆಯಿಂದ ಒಂದು ಸೂಜಿ ತೆಗೆದು, ಜೇಡದ ಬೆನ್ನಿಗೆ ತುಸು ತಾಗಿಸಿದರು. ಬೆನ್ನಿನ ಮೇಲ್ಭಾಗ ಡಬ್ಬಿಯ ಮುಚ್ಚಳದಂತೆ ತೆರೆದುಕೊಂಡಿತು. ಒಳಗೆ ಏನೂ ಇರಲಿಲ್ಲ.

"ಅಮ್ಮ," ಎಂದರು ಮೇಡಂ ಮೆತ್ತಗೆ, "ಇದು ಜೇಡ ಅಲ್ಲ. ಜೇಡದ ಕೋಟು."

"ಏನು ಮೇಡಂ?"

"ಬೆಳೀವಾಗ ಜೇಡ ಹಳೇ ಚರ್ಮ ಕಳಚುತ್ತೆ. ಕಾಲು, ಹಲ್ಲು, ಎಲ್ಲ ಹಾಗೇ ಬಿಟ್ಟು ಹೋಗುತ್ತೆ. ನಿಮ್ಮ ಮೂರನೇ ದಿನ ಇದೆಯಲ್ಲ, ಬಣ್ಣ ಪೇಲವ ಅಂತ? ಅವತ್ತು ಯಜಮಾನರು ಕೋಟು ತೂಗುಹಾಕಿ ಹೊರಟುಹೋಗಿದಾರೆ."

ಮೂವತ್ತು ಜನರ ಕಣ್ಣು ದಿನಾ ಪರೀಕ್ಷಿಸುವವಳಿಗೆ ಒಂದು ಕ್ಷಣ ಏನೂ ಕಾಣಲಿಲ್ಲ. ಮುಟ್ಟಕೂಡದೆಂಬ ನಿಯಮಕ್ಕೆ ಹೆದರಿ ಅವಳು ದಿನಾ ಆರು ಮೆಟ್ಟಿಲು ಕೆಳಗೆ ನಿಂತೇ ನೋಡಿದ್ದಳು. ಡಿಗ್ರಿಯಲ್ಲಿ ಚರ್ಮ ಕಳಚುವುದರ ಮೇಲೆ ಹತ್ತು ಅಂಕದ ಪ್ರಶ್ನೆಗೆ ಉತ್ತರ ಬರೆದದ್ದೂ ಅವಳಿಗೆ ಈಗ ನೆನಪಾಯಿತು.

"ಆದರೆ ಮೇಡಂ, ಅದು ನಡೀತಿತ್ತು. ದಿನಾ ನಡೀತಿತ್ತು."

ಮೇಡಂ ನೋಟುಬುಕ್ಕನ್ನು ತಮ್ಮ ಕಡೆ ಎಳೆದುಕೊಂಡು, ಈಗ ತಾವೇ ಪುಟ ತಿರುವಿದರು. "ನಿಮ್ಮ ಅಂಗಡಿಗೆ ವಾರದ ರಜೆ ಯಾವತ್ತು?"

"ಭಾನುವಾರ."

"ಜೇಡಕ್ಕೆ?"

"ಭಾನು…" ಎಂದ ಕನ್ನಡಕದಕ್ಕ ಅಲ್ಲಿಗೇ ನಿಂತಳು. ಮೆಲ್ಲಗೆ ಬೆಂಚಿನ ಕಡೆ ತಿರುಗಿದಳು. ಪೋಸ್ಟ್ ಮಾಸ್ಟರು ಬೂಟಿನ ದಾರ ನೋಡುತ್ತಿದ್ದರು. ಟೈಲರಮ್ಮ ಟೇಪಿನ ಅಂಕಿ ಓದುತ್ತಿದ್ದಳು. ಅತ್ತೆ ತಲೆ ಎತ್ತಿ ಛಾವಣಿ ನೋಡುತ್ತಿದ್ದರು.

"ಅತ್ತೆ."

"ಏನೇ."

"ಈ ಕಡೆ ನೋಡಿ."

"ನೋಡ್ತೀನಿ ಇರು. ಈ ಫ್ಯಾನು ಎಷ್ಟು ಚೆನ್ನಾಗಿ ತಿರುಗುತ್ತೆ ನೋಡು. ನಮ್ಮನೇದು ಬರೀ ಸದ್ದು."

"ಅತ್ತೆ."

ಅತ್ತೆ ನೋಡಿದರು. "ಇನ್ನೇನು ಮಾಡ್ಲಿ ಹೇಳು. ಆ ವಾರ ದಿನಾ ಮುಖ ಜೋಲು ಹಾಕ್ಕೊಂಡು ಬರ್ತಿದ್ದೆ. 'ಇವತ್ತೂ ಬರೆಯೋಕೆ ಏನಿಲ್ಲ ಅತ್ತೆ' ಅಂತಿದ್ದೆ. ತಟ್ಟೆ ಮುಂದೆ ಕೂತು ಬೆರಳಲ್ಲಿ ಗೆರೆ ಎಳೀತಿದ್ದೆ. ಶುದ್ಧ ಸೋಮಾರಿ ಜೇಡ ಸಿಕ್ಕಿದೆ ಇವಳಿಗೆ ಅಂದ್ಕೊಂಡೆ. ನೀನು ಅಂಗಡಿಗೆ ಹೋದ ಮೇಲೆ ಕೊಡೆ ತುದೀಲಿ ಒಂದೇ ಒಂದು ಬೆರಳು ತಳ್ಳಿದೆ. ಅವತ್ತು ಸಂಜೆ ನೀನು ಮೂರು ಪುಟ ಬರೆದೆ. ಪಾತ್ರೆ ತೊಳೀತಾ ಹಾಡು ಬೇರೆ ಗುನುಗಿದೆ. ಹನ್ನೆರಡು ವರ್ಷದಲ್ಲಿ ನಿನ್ನ ಬಾಯಲ್ಲಿ ಹಾಡು ಕೇಳಿರಲಿಲ್ಲ ಕಣೇ. ಆಮೇಲೆ ನಿಲ್ಲಿಸೋದು ಹೇಗೆ?"

ಕನ್ನಡಕದಕ್ಕನಿಗೆ ಸಿಟ್ಟು ಬಂದಿತ್ತು. ಆ ಹಾಡಿನ ಮಾತು ಬಂದ ಮೇಲೆ ಅದು ಅರ್ಧ ಇಳಿಯಿತು.

"ಮತ್ತೆ ಆ ಕಾಲು?" ಎಂದಳು.

"ಅವತ್ತು ತಳ್ಳುವಾಗ ಸೀನು ಬಂತು," ಎಂದರು ಅತ್ತೆ.

ಪೋಸ್ಟ್ ಮಾಸ್ಟರು ಎದ್ದು ನಿಂತರು. ಕೋಟಿನ ಗುಂಡಿ ಹಾಕಿಕೊಂಡರು. "ಮಧ್ಯಾಹ್ನದ್ದು ನಾನು. ಊರುಗೋಲಿಂದ. 'ಬದಲಾವಣೆ ಇಲ್ಲ' ಅಂತ ಮೂರು ದಿನ ಸಹಿ ಹಾಕಿದೆ ತಾಯಿ. ಮೂವತ್ತಾರು ವರ್ಷ ಸರ್ವಿಸ್‌ನಲ್ಲೂ ಅದನ್ನೇ ಮಾಡಿದ್ದು. ರಿಟೈರಾದ ಮೇಲೂ ಇದೇ ಗತೀನಾ ಅನ್ನಿಸಿಬಿಡ್ತು."

"ನೀವಾ?" ಎಂದು ಅತ್ತೆ ಅವರ ಕಡೆ ತಿರುಗಿದರು. "ನಾನು ಬೆಳಿಗ್ಗೆ ಎಡಕ್ಕೆ ಇಟ್ಟರೆ ಸಂಜೆ ಬಲಕ್ಕೆ ಇರ್ತಿತ್ತು. ಅಂತೂ ಮೈಚಳಿ ಬಿಟ್ಟು ತಾನೇ ಓಡಾಡ್ತಿದೆ ಅಂತ ನಾನು ಖುಷಿಪಟ್ಟಿದ್ದು ನಿಮ್ಮ ಕೆಲಸ ನೋಡ್ಕೊಂಡಾ?"

"ನಾನೂ ಅಷ್ಟೇ ಅಂದ್ಕೊಂಡೆ. ಬಲಕ್ಕೆ ಇಟ್ಟರೆ ಮಾರನೇ ದಿನ ಎಡಕ್ಕೆ. ಚುರುಕಾಗಿದೆ ಅಂದ್ಕೊಂಡೆ."

ಈಗ ಎಲ್ಲರೂ ಟೈಲರಮ್ಮನನ್ನು ನೋಡಿದರು.

"ನಾನು ಮುಟ್ಟಿಲ್ಲ," ಎಂದಳು ಅವಳು. "ನೊಣ ಅಷ್ಟೇ ನಂದು. ಪಾಪ, ಯಾರೂ ಅದಕ್ಕೆ ಊಟ ಹಾಕ್ತಿರಲಿಲ್ಲ. ಒಂದು ನೊಣ ಹೊಡೆದು ಸೂಜೀಲಿ ಚುಚ್ಚಿ ಬಲೆಗೆ ಸಿಗಿಸಿದೆ. ತಿನ್ನಲಿಲ್ಲ. ರೆಕ್ಕೆ ಕಿತ್ತು ಹಾಕಿದ್ರೆ ತಿಂತಿತ್ತೇನೋ."

ಮೇಡಂ ಇಷ್ಟು ಹೊತ್ತು ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಈಗ ಅವರ ಭುಜ ಕುಣಿಯತೊಡಗಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಷ್ಟು ನಕ್ಕರೂ ಕನ್ನಡಕ ಜಾರಲಿಲ್ಲ. ಆಮೇಲೆ ಪೆನ್ನಿನ ಮುಚ್ಚಳ ಹಾಕಿದರು. ಆ ಪುಟ್ಟ ಸದ್ದು ಕನ್ನಡಕದಕ್ಕನಿಗೆ ಬಾಗಿಲು ಹಾಕಿದಷ್ಟು ದೊಡ್ಡದಾಗಿ ಕೇಳಿಸಿತು.

"ಜೀವಿಯನ್ನು ಮುಟ್ಟಕೂಡದು ಅಂತ ನಿಯಮ," ಎಂದರು. "ಇಲ್ಲಿ ಜೀವಿನೂ ಇಲ್ಲ, ಮುಟ್ಟದವರೂ ಇಲ್ಲ. ನಾನು ಹೇಗಮ್ಮ ಸಹಿ ಹಾಕಲಿ?"

"ಗೊತ್ತಾಗುತ್ತೆ ಮೇಡಂ."

"ಈ ಪುಸ್ತಕದಲ್ಲಿ ಒಂದು ಜೀವಿಯ ಸ್ವಭಾವ ಚೆನ್ನಾಗಿ ಬಂದಿದೆ. ಅತ್ತೆಯದು. ಆದರೆ ಅದು ನಮ್ಮ ವಿಭಾಗಕ್ಕೆ ಸೇರಲ್ಲ." ಅವರು ನೋಟುಬುಕ್ಕನ್ನು ಎರಡೂ ಕೈಯಿಂದ ಹಿಂದಕ್ಕೆ ಕೊಟ್ಟರು. "ಮುಂದಿನ ವರ್ಷ ಬನ್ನಿ. ಖಂಡಿತ ಬನ್ನಿ. ಕನ್ನಡಕ ರಿಪೇರಿ ಮಾಡದೆ ಇದ್ದಿದ್ದರೆ ಇವತ್ತೇ ಸೇರಿಸ್ಕೊಂಡುಬಿಡ್ತಿದ್ದೆ. ಆ ತಪ್ಪು ಮಾತ್ರ ಮುಂದಿನ ಸಲ ಮಾಡಬೇಡಿ."

ಹೊರಗೆ ಬಂದರೆ ಬಾಗಿಲಲ್ಲೇ ಗುಮಾಸ್ತ ನಿಂತಿದ್ದ, ಕಡ್ಡಿ ಸಡಿಲವಾದ ಕನ್ನಡಕ ಕೈಯಲ್ಲಿ ಹಿಡಿದು. "ಅಕ್ಕ, ನಂದೂ ಒಂಚೂರು." ಅವನ ಹಿಂದೆ ಗ್ರಂಥಾಲಯದವರು. ಅವರ ಹಿಂದೆ ಸಸ್ಯಶಾಸ್ತ್ರದ ಇಬ್ಬರು ಮೇಷ್ಟರು. ಹನ್ನೆರಡು ವರ್ಷ ಕಾದು ಕಾಲಿಟ್ಟ ವಿಶ್ವವಿದ್ಯಾಲಯದಲ್ಲಿ ಕನ್ನಡಕದಕ್ಕ ಅವತ್ತು ಐದೂವರೆಯವರೆಗೆ ಒಟ್ಟು ಹನ್ನೊಂದು ಕನ್ನಡಕ ಬಿಗಿಮಾಡಿದಳು. ಟೈಲರಮ್ಮ ಸಾಲು ನಿಲ್ಲಿಸಿದಳು. ಪೋಸ್ಟ್ ಮಾಸ್ಟರು ಸರದಿಯ ಚೀಟಿ ಕೊಟ್ಟರು.

ಬರುವಾಗ ಬಸ್ಸಿನಲ್ಲಿ ಎರಡು ನಿಲ್ದಾಣ ದಾಟಿದ ಮೇಲೆ ಅತ್ತೆ ತಮ್ಮ ಕೊಡೆಯನ್ನು ಸೊಸೆಯ ತೊಡೆಯ ಮೇಲಿಟ್ಟರು. "ತಗೊ. ನೀನೇ ಇಟ್ಕೊ. ಇದು ನನ್ನ ಕೈಲಿದ್ರೆ ಸರಿ ಹೋಗಲ್ಲ."

"ಮಳೆ ಬಂದ್ರೆ ಏನ್ ಮಾಡ್ತೀರಿ?"

"ನೆನೀತೀನಿ. ಒಂದು ವರ್ಷ ತಾನೆ."

ಕನ್ನಡಕದಕ್ಕ ನಗಬಾರದೆಂದು ತುಟಿ ಕಚ್ಚಿದಳು. ತುಟಿ ಮಾತು ಕೇಳಲಿಲ್ಲ.

ಮನೆಗೆ ಬಂದರೆ ಮೆಟ್ಟಿಲ ಗೋಡೆಯೆಲ್ಲ ಹಾಲು ಬಿಳುಪು. ಮೂಲೆಯೂ ಬಿಳಿ. ಬಣ್ಣದವನು ಏಣಿ ಹೊತ್ತು ಹೊರಟಿದ್ದ.

"ಅಕ್ಕ, ನಿಮ್ಮ ಅರ್ಜಿ ಏನಾಯ್ತು?" ಎಂದ.

"ಒಳಗೆ ಏನೂ ಇರಲಿಲ್ಲ," ಎಂದಳು ಕನ್ನಡಕದಕ್ಕ.

"ಹಾಗಾದ್ರೆ ಇನ್ನೊಂದು ಇದೆ ನೋಡಿ. ಕಿಟಕಿ ಸಂದೀಲಿ. ಅದೇ ಥರದ್ದು, ಸ್ವಲ್ಪ ದಪ್ಪ. ಬ್ರಷ್ ತೋರಿಸಿದ್ರೆ ನನಗೇ ಗುರ್ ಅನ್ನೋ ಹಾಗೆ ನಿಂತ್ಕೊಳ್ತು. ನಿಮಗೆ ಆಗುತ್ತೇನೋ ಅಂತ ಆ ಜಾಗ ಬಿಟ್ಟು ಬಳಿದಿದೀನಿ."

ಮೆಟ್ಟಿಲ ಕಿಟಕಿಯ ಸುತ್ತ ಗೋಡೆಯೆಲ್ಲ ಬಿಳಿ. ಒಂದು ಮೂಲೆ ಮಾತ್ರ ಹಳೆಯ ಬೂದು ಬಣ್ಣದಲ್ಲಿ ಅಂಗೈಯಗಲ ಉಳಿದಿತ್ತು. ಅಲ್ಲಿ ಹೊಸ ಬಲೆ. ಬಲೆಯ ನಡುವೆ ಕೋಟು ಬಿಟ್ಟುಹೋದ ಯಜಮಾನರು, ಎಂಟು ಕಾಲು ಚಾಚಿ, ಮೈತುಂಬಿಕೊಂಡು ಕೂತಿದ್ದರು.

ಕನ್ನಡಕದಕ್ಕ ಬ್ಯಾಗಿಂದ ಭೂತಗನ್ನಡಿ ತೆಗೆದು ಈ ಸಲ ಹತ್ತಿರ ಹೋಗಿ ನೋಡಿದಳು. ಕಣ್ಣು ಇತ್ತು. ಒಳಗೆ ಆಳು ಇದ್ದ. ಮನೆಯೊಳಗಿಂದ ಹೊಸ ನೋಟುಬುಕ್ಕು ತಂದು ಮೆಟ್ಟಿಲ ಮೇಲೆ ಕೂತಳು. ಮೊದಲ ಪುಟದ ಮೇಲೆ 'ಒಂದನೇ ದಿನ' ಎಂದು ಬರೆದಳು. ಅರ್ಜಿಗೆ ಇನ್ನೂ ಹನ್ನೊಂದು ತಿಂಗಳು ಇದೆ ಎಂಬುದು ಅವಳಿಗೆ ಗೊತ್ತಿತ್ತು. ಬರೆಯದೆ ಇರಲು ಆಗಲಿಲ್ಲ.

ಹತ್ತು ನಿಮಿಷ ಕಳೆಯಿತು. ಜೇಡ ಅಲುಗಲಿಲ್ಲ. ಅರ್ಧ ಗಂಟೆ ಕಳೆಯಿತು. 'ಬದಲಾವಣೆ ಇಲ್ಲ' ಎಂದು ಬರೆಯಲು ಪೆನ್ನು ಎತ್ತಿದಳು. ಅಷ್ಟರಲ್ಲಿ ಜೇಡ ಎದ್ದು, ಮೈ ಮುರಿದು, ಎಡಕ್ಕೆ ಸರಿಯಾಗಿ ಒಂದು ಬೆರಳು ಸರಿಯಿತು.

ಅವಳು ಥಟ್ಟನೆ ಹಿಂದಕ್ಕೆ ತಿರುಗಿದಳು.

ಬಾಗಿಲ ಸಂದಿಯಲ್ಲಿ ಅತ್ತೆ ಎರಡೂ ಖಾಲಿ ಕೈ ಮೇಲೆತ್ತಿ ನಿಂತಿದ್ದರು. ಮೇಲಿನ ಮೆಟ್ಟಿಲಲ್ಲಿ ಪೋಸ್ಟ್ ಮಾಸ್ಟರು ಊರುಗೋಲನ್ನು ಬೆನ್ನ ಹಿಂದೆ ಹಿಡಿದಿದ್ದರು. ಕೆಳಗಿನ ಮೆಟ್ಟಿಲಲ್ಲಿ ಟೈಲರಮ್ಮ.

"ನಾನಲ್ಲ," ಎಂದರು ಮೂವರೂ.

ಕನ್ನಡಕದಕ್ಕ ಒಬ್ಬೊಬ್ಬರನ್ನೂ ಭೂತಗನ್ನಡಿಯಲ್ಲಿ ನೋಡಿದಳು. ಆಮೇಲೆ ನೋಟುಬುಕ್ಕಿಗೆ ಬಗ್ಗಿ ಬರೆದಳು: 'ಎಡಕ್ಕೆ ಒಂದು ಬೆರಳು ಚಲಿಸಿತು. ಕಾರಣ ವಿಚಾರಣೆಯಲ್ಲಿದೆ.'